ಹೊಸ್ತಿಲಿನಿಂದ ಟೀಪಾಯಿಗೆ

ಮೈಸೂರು, ಬೆಂಗಳೂರಿನ ಹಣವಂತರ ಮನೆಗಳಲ್ಲಿ ಹಳೇ ಮರಕ್ಕೆ ಹೊಸ ಮರ್ಯಾದೆ ಬಂದಿದೆ. ತೊಟ್ಟಿಮನೆಯ ಕಂಬ ತಲೆಯ ಮೇಲೆ ದೀಪ ಹೊತ್ತು ಹಜಾರದ ಮೂಲೆಯಲ್ಲಿ ನಿಂತಿದೆ. ಹಳ್ಳಿಯ ಹೆಬ್ಬಾಗಿಲು ಅಡ್ಡ ಮಲಗಿ, ಮೈಮೇಲೆ ಗಾಜು ಹೊದ್ದು ಊಟದ ಮೇಜಾಗಿದೆ. ಹೊಸ್ತಿಲಿನ ದಪ್ಪ ಹಲಗೆ ನಾಲ್ಕು ಕಬ್ಬಿಣದ ಕಾಲು ಪಡೆದು ಟೀಪಾಯಿಯಾಗಿದೆ. ಎತ್ತಿನ ಗಾಡಿಯ ಚಕ್ರ ಸೂರಿನಿಂದ ಇಳಿಬಿದ್ದು ಬಲ್ಬುಗಳ ಗೊಂಚಲಾಗಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಹಿನ್ನೀರಿನ ಆಸುಪಾಸು ಎದ್ದಿರುವ ರೆಸಾರ್ಟುಗಳಲ್ಲಂತೂ ಇದೇ ಶೈಲಿ. ಅಲ್ಲಿ ಮರದ ಬೊಡ್ಡೆಯೇ ಕುರ್ಚಿ, ಒಣಗಿದ ಕೊಂಬೆಯೇ ಬಟ್ಟೆ ತೂಗುಹಾಕುವ ಗೂಟ.

ಈ ಸಾಮಾನುಗಳನ್ನು ಮಾರುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: "ಇದಕ್ಕೊಂದು ಕಥೆ ಇದೆ." ಹೊಸ ತೇಗದ ಮೇಜಿಗೆ ಇಲ್ಲದ ಬೆಲೆ ಹಳೇ ತೇಗದ ಮೇಜಿಗೆ ಬರುವುದು ಈ ಕಥೆಯಿಂದ. ಹಾಗಿದ್ದ ಮೇಲೆ ಆ ಕಥೆಯನ್ನು ಪರೀಕ್ಷಿಸುವ ಹಕ್ಕು ವಿಮರ್ಶೆಗೆ ಇದೆ. ನಾವು ಪುಸ್ತಕವನ್ನು ವಿಮರ್ಶಿಸುತ್ತೇವೆ, ನಾಟಕ, ಸಿನಿಮಾಗಳನ್ನು ವಿಮರ್ಶಿಸುತ್ತೇವೆ. ದಿನವೂ ಕೂತು ಏಳುವ ಕುರ್ಚಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಕಥೆಯ ಹೆಸರಿನಲ್ಲಿ ಒಂದು ವಸ್ತು ಮಾರಾಟವಾಗುವಾಗ ಆ ಕಥೆಯಲ್ಲಿ ಯಾರಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಕೇಳಲೇಬೇಕಾಗುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಹಳೇ ಮರವನ್ನು ಮತ್ತೆ ಬಳಸುವುದು ನಗರದ ವಿನ್ಯಾಸಕಾರರು ಕಂಡುಹಿಡಿದದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಮರವನ್ನು ಒಂದೇ ಸಲ ಬಳಸಿ ಬಿಸಾಡಿದ ಕಾಲವೇ ಇರಲಿಲ್ಲ. ಮುರಿದ ಗಾಡಿಯ ಮೂಕಿ ಕೊಟ್ಟಿಗೆಯ ತೊಲೆಯಾಗುತ್ತಿತ್ತು. ತೊಲೆ ಗೆದ್ದಲು ಹಿಡಿದರೆ ಒಳ್ಳೆಯ ಭಾಗವನ್ನು ಕುಯ್ದು ಮಣೆ ಮಾಡುತ್ತಿದ್ದರು. ಮಣೆ ಸೀಳಿದರೆ ಒಲೆಗೆ. ಅಣ್ಣತಮ್ಮಂದಿರು ಪಾಲಾದಾಗ ಬಾಗಿಲು ಒಬ್ಬನಿಗೆ, ಕಂಬ ಇನ್ನೊಬ್ಬನಿಗೆ. ಬಡವನ ಮನೆಯ ಬಾಗಿಲುವಾಡವಂತೂ ಎಷ್ಟೋ ಸಲ ಬೇರೊಬ್ಬನ ಮನೆಯಿಂದ ಬಿಚ್ಚಿ ತಂದದ್ದೇ. ಅದನ್ನು ಯಾರೂ ಕಲೆ ಎನ್ನಲಿಲ್ಲ, ಪರಿಸರ ಪ್ರೇಮ ಎನ್ನಲಿಲ್ಲ. ಇಲ್ಲದವರ ಜಾಣತನ ಅದು. ಉರ್ದುವಿನಲ್ಲಿ ಎರಡು ಮಾತುಗಳಿವೆ. ಬೇಡವಾದ ಹಳೇ ಸಾಮಾನಿಗೆ 'ಕಬಾಡ್' ಎನ್ನುತ್ತೇವೆ, ಸಿಗದ ಅಪರೂಪದ ಸಾಮಾನಿಗೆ 'ನವಾದಿರಾತ್' ಎನ್ನುತ್ತೇವೆ. ಹಳ್ಳಿಯ ಜಗುಲಿಯಲ್ಲಿ ಕಬಾಡ್ ಎಂದು ತೂಕಕ್ಕೆ ಹೋದ ಬಾಗಿಲು ಷೋರೂಮಿನಲ್ಲಿ ನವಾದಿರಾತ್ ಆಗುತ್ತದೆ. ಮರ ಅದೇ, ನಡುವೆ ಬದಲಾದದ್ದು ಅದರ ಮಾಲೀಕ.

ಹುಣಸೂರಿಗೆ ಈ ಮರದ ವ್ಯವಹಾರ ಹೊಸದಲ್ಲ. ಕಾಕನಕೋಟೆ, ನಾಗರಹೊಳೆ ಕಡೆಯ ಕಾಡಿಗೆ ಬಾಗಿಲಿನಂತಿರುವ ಊರು ಅದು. ಬ್ರಿಟಿಷರ ಕಾಲದಲ್ಲಿ ಮದರಾಸಿನ ಸೈನ್ಯದ ಕಮಿಸರಿಯೇಟು ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಯಾರ್ಡು ನಡೆಸುತ್ತಿತ್ತು. 1864ರಲ್ಲಿ ಅವು ಮುಚ್ಚಿದವು. ಸರ್ಕಾರ ಹೋದರೂ ಕಸುಬು ಉಳಿಯಿತು. ಹುಣಸೂರಿನ ಎತ್ತಿನ ಗಾಡಿಗಳು ಹೆಸರಾಗಿದ್ದು ಆ ಬಳಿಕವೇ. ಗಾಡಿ ಮಾಡುವವನಿಗೆ ಯಾವ ಮರ ಎಲ್ಲಿಗೆ ಎಂಬ ಲೆಕ್ಕ ಬೆರಳ ತುದಿಯಲ್ಲಿರಬೇಕು. ಚಕ್ರದ ನಡುವಿನ ಗುಂಬಕ್ಕೆ ಸೀಳದ ಮರ ಬೇಕು, ನೊಗಕ್ಕೆ ಎತ್ತಿನ ಹೆಗಲು ಸವೆಸದಂಥ ಹಗುರ ಮರ ಬೇಕು, ಅಚ್ಚಿಗೆ ಭಾರ ತಡೆಯುವ ಮರ ಬೇಕು. ಇಂದು ಅರಣ್ಯ ಇಲಾಖೆಯ ಡಿಪೋ, ಸಾಮಿಲ್ಲುಗಳು, ಹಳೇ ಮರದ ಅಂಗಡಿಗಳು ಎಲ್ಲವೂ ಇರುವ ಈ ಸೀಮೆಯಲ್ಲಿ ಆ ತಿಳಿವಳಿಕೆಯ ಒಂದಿಷ್ಟು ಪಾಲು ಇನ್ನೂ ಜೀವಂತವಾಗಿದೆ.

ಹಳೇ ಮರ ಅಂಗಡಿಗೆ ಬರುವುದು ಹೀಗೆ. ಕೆ.ಆರ್. ನಗರದ ಭತ್ತದ ಹಳ್ಳಿಗಳಲ್ಲಿ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹಳ್ಳಿಗಳಲ್ಲಿ ತೊಟ್ಟಿಮನೆಗಳು ಒಂದೊಂದಾಗಿ ಬೀಳುತ್ತಿವೆ. ಮಕ್ಕಳು ಪಾಲಾಗಿದ್ದಾರೆ, ಹೆಂಚು ಸೋರುತ್ತದೆ, ಎಲ್ಲರಿಗೂ ತಾರಸಿ ಮನೆ ಬೇಕು. ಆಗ ಗುಜರಿಯವನು ಬರುತ್ತಾನೆ. ನಮ್ಮ ಜಿಲ್ಲೆಯಲ್ಲಿ ಈ ಕಸುಬಿನಲ್ಲಿ ಮುಸಲ್ಮಾನರು ಬಹಳ ಮಂದಿ. ಇಡೀ ಮನೆಯ ಮರಕ್ಕೆ ಒಂದು ಮೊತ್ತ ಮಾತಾಡಿ, ಆಳು ಕರೆತಂದು, ಹೆಂಚು ಇಳಿಸಿ, ಜಂತೆ, ತೊಲೆ, ಕಂಬ, ಬಾಗಿಲುವಾಡ ಬಿಚ್ಚಿ ಒಯ್ಯುತ್ತಾನೆ. ಸೂರಿನ ಮೇಲೆ ಹತ್ತಿ ಬಿಚ್ಚುವುದು ಅಪಾಯದ ಕೆಲಸ. ಕೊಂಡ ಮರದಲ್ಲಿ ಎಷ್ಟು ಗಟ್ಟಿ, ಎಷ್ಟು ಹುಳ ತಿಂದದ್ದು ಎಂಬುದು ಬಿಚ್ಚುವವರೆಗೆ ಅವನಿಗೂ ಗೊತ್ತಿಲ್ಲ. ಗಟ್ಟಿ ಬಂದರೆ ಲಾಭ, ಪುಡಿ ಬಂದರೆ ಸೌದೆ. ಅವನಿಂದ ಮೈಸೂರಿನ ದೊಡ್ಡ ವ್ಯಾಪಾರಿ, ಅಲ್ಲಿಂದ ಬೆಂಗಳೂರಿನ ಷೋರೂಮು. ಪ್ರತಿ ಕೈ ದಾಟಿದಾಗಲೂ ಬೆಲೆ ಏರುತ್ತದೆ, ಹಿಂದಿನವನ ಹೆಸರು ಅಳಿಯುತ್ತದೆ. ಕೊನೆಗೆ ಚೀಟಿಯಲ್ಲಿ ಉಳಿಯುವುದು 'ನೂರು ವರ್ಷದ ತೇಗ' ಎಂಬುದು ಮಾತ್ರ. ಯಾವ ಊರು, ಯಾರ ಮನೆ, ಬಿಚ್ಚಿದವರು ಯಾರು, ಮತ್ತೆ ಕಟ್ಟಿದವರು ಯಾರು ಎಂಬುದು ಇರುವುದಿಲ್ಲ.

ಈಗ ಒಂದು ಸಾಮಾನನ್ನು ಕೈಗೆತ್ತಿಕೊಂಡು ಓದೋಣ. ಬಾಗಿಲಿನಿಂದ ಮಾಡಿದ ಮೇಜು. ಬಾಗಿಲು ನಿಲ್ಲುವ ವಸ್ತು. ತೆರೆಯುವುದು, ಮುಚ್ಚುವುದು ಅದರ ಬದುಕು. ಅದನ್ನು ಮಲಗಿಸಿದಾಗ ಕೆತ್ತನೆಯ ಮೇಲೆ ಅನ್ನದಗುಳು ಬೀಳದಿರಲು ಗಾಜು ಹಾಕಬೇಕಾಗುತ್ತದೆ. ಗಾಜು ಹಾಕಿದ ಮೇಲೆ ಮರವನ್ನು ಮುಟ್ಟುವಂತಿಲ್ಲ, ನೋಡಬಹುದು ಅಷ್ಟೆ. ಮೇಜಿನ ಕೆಲಸ ಮಾಡುವುದು ಗಾಜು, ಬಾಗಿಲು ಅದರ ಕೆಳಗಿನ ಚಿತ್ರ. ಕಸುಬಿನ ಕಣ್ಣಿನಿಂದ ನೋಡಿದರೆ ಇದು ಸೋಲು.

ಅದಕ್ಕಿಂತ ದೊಡ್ಡ ಸೋಲು ಕಥೆಯದ್ದು. ನಮ್ಮ ಸೀಮೆಯಲ್ಲಿ ಕೆತ್ತನೆಯ ತೇಗದ ಬಾಗಿಲು ಯಾರ ಮನೆಗಿತ್ತು? ಪಟೇಲರಿಗೆ, ಶಾನುಭೋಗರಿಗೆ, ಸಾಹುಕಾರರಿಗೆ, ಜೋಡಿದಾರರಿಗೆ. ಆ ಬಾಗಿಲ ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತು ಕೂಲಿ ಪಡೆದವರಿದ್ದರು. ದಲಿತರ ಗುಡಿಸಲಿಗೆ ತಡಿಕೆಯ ಬಾಗಿಲು. ಜೇನುಕುರುಬರ ಹಾಡಿಯಲ್ಲಿ ಬಿದಿರು, ಮಣ್ಣು, ಹುಲ್ಲು. ಬಿದಿರು ಕೊಳೆಯುತ್ತದೆ, ಹುಲ್ಲು ಉದುರುತ್ತದೆ, ತಡಿಕೆ ಒಲೆಗೆ ಹೋಗುತ್ತದೆ. ಅವು ನವಾದಿರಾತ್ ಆಗುವುದಿಲ್ಲ. ಆದ್ದರಿಂದ ಹಳೇ ಮರದ ಷೋರೂಮು 'ನಮ್ಮ ಹಳ್ಳಿಯ ನೆನಪು' ಎಂದು ಮಾರುವುದು ಹಳ್ಳಿಯ ನೆನಪಲ್ಲ, ಹಳ್ಳಿಯ ನಾಲ್ಕಾರು ದೊಡ್ಡ ಮನೆಗಳ ನೆನಪು. ಹೊಸ್ತಿಲಿನ ಒಳಗಿದ್ದವರ ಕಥೆ ಟೀಪಾಯಿಯ ಜೊತೆ ಸಾಗಿ ಬಂದಿದೆ. ಹೊರಗೆ ನಿಂತಿದ್ದವರದ್ದು ಬಂದಿಲ್ಲ. ಆ ಹಲಗೆಯ ಮೇಲೆ ಕಾಲಿಡಲು ಅಪ್ಪಣೆ ಇಲ್ಲದಿದ್ದವನ ಮೊಮ್ಮಗ ಇಂದು ಅದೇ ಹಲಗೆಯ ಟೀಪಾಯಿ ಕೊಂಡು ಅದರ ಮೇಲೆ ಕಾಫಿ ಲೋಟ ಇಡಬಹುದು. ಅದು ಒಳ್ಳೆಯ ಕಥೆಯೇ. ಆದರೆ ಆ ಕಥೆಯನ್ನು ಹೇಳುವ ಚೀಟಿಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಕಾಕನಕೋಟೆಯ ಹೆಸರು ಇಲ್ಲಿಯೇ ಬರಬೇಕು. ಮಾಸ್ತಿಯವರು 1938ರಲ್ಲಿ 'ಕಾಕನಕೋಟೆ' ನಾಟಕ ಬರೆದರು. ಸಿ.ಆರ್. ಸಿಂಹ ಅದನ್ನು 1977ರಲ್ಲಿ ಸಿನಿಮಾ ಮಾಡಿದರು. ಕಾಡಿನ ಕುರುಬರ ನಾಯಕ ಕಾಕ ಮತ್ತು ಮೈಸೂರಿನ ಅರಸರ ನಡುವಿನ ಸಂಬಂಧ ಅದರ ವಸ್ತು. ಖೆಡ್ಡಾ ಎಂದರೆ ಕಾಕನಕೋಟೆ ಎನ್ನುವಷ್ಟು ಆ ಕಾಡು ಹೆಸರಾಗಿತ್ತು. ದೊರೆಗಳು, ವೈಸರಾಯ್‌ಗಳು ಆನೆ ಹಿಡಿಯುವುದನ್ನು ನೋಡಲು ಅಲ್ಲಿಗೆ ಬರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿ, ಬಿದರಹಳ್ಳಿಗಳ ಬಳಿ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಾಗ ಖೆಡ್ಡಾದ ಹೊಳೆದಂಡೆ, ಕಾಡು, ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ನೀರಿನಡಿ ಸೇರಿದವು. ಒಂದು ಕಾಲದಲ್ಲಿ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕಿತ್ತೂರು ಕೂಡ ಆ ಸಾಲಿನಲ್ಲಿತ್ತು. ಮುಳುಗಡೆಯ ಊರಿನಲ್ಲಿ ಜನ ಮೊದಲು ಬಿಚ್ಚಿಕೊಳ್ಳುವುದು ಬಾಗಿಲನ್ನು. ಗೋಡೆಯನ್ನು ಹೊತ್ತು ತರಲು ಆಗುವುದಿಲ್ಲ, ಬಾಗಿಲನ್ನು ತರಬಹುದು. ಹೊಸ ಜಾಗದಲ್ಲಿ ಮಣ್ಣು ಹಾಕಿ ಹಳೇ ಬಾಗಿಲು ನಿಲ್ಲಿಸಿದರೆ ಅದೇ ಮನೆ ಎಂಬ ಭಾವನೆ. ಮರವನ್ನು ಉಳಿಸಿಕೊಳ್ಳುವುದು ಎಂಬ ಮಾತಿಗೆ ನಮ್ಮ ತಾಲ್ಲೂಕುಗಳಲ್ಲಿ ಇರುವ ಅತಿ ಗಂಭೀರ ಅರ್ಥ ಇದು. ಬಿಚ್ಚಿಕೊಳ್ಳಲು ಬಾಗಿಲೇ ಇಲ್ಲದಿದ್ದ ಹಾಡಿಯವರು ಕಳೆದುಕೊಂಡದ್ದು ಮರದ ಲೆಕ್ಕದಲ್ಲಿ ಸಿಗುವುದೇ ಇಲ್ಲ.

ಕಥೆಯನ್ನು ಅರ್ಧ ಹೇಳುವುದು ಒಂದು ದೋಷವಾದರೆ, ಇಲ್ಲದ ಕಥೆಯನ್ನು ಕಟ್ಟುವುದು ಇನ್ನೊಂದು. ಹಳೆಯದಕ್ಕೆ ಬೇಡಿಕೆ ಬಂದ ಕೂಡಲೇ ಹೊಸದನ್ನು ಹಳೆಯದು ಮಾಡುವ ವಿದ್ಯೆಯೂ ಬಂತು. ಹೊಸ ಮರಕ್ಕೆ ಸರಪಳಿಯಿಂದ ಹೊಡೆಯುತ್ತಾರೆ, ಮೊಳೆ ಚುಚ್ಚಿ ಹುಳ ತಿಂದಂತೆ ಮಾಡುತ್ತಾರೆ, ಬೆಂಕಿಯಲ್ಲಿ ಬಾಡಿಸುತ್ತಾರೆ, ಚಹಾದ ಕಷಾಯ ಬಳಿಯುತ್ತಾರೆ. ಗಮನವಿಟ್ಟು ನೋಡಿದರೆ ಗೊತ್ತಾಗುತ್ತದೆ. ನಿಜವಾದ ಸವೆತ ಕೈ ತಾಗುವಲ್ಲಿ, ಕಾಲು ತಾಗುವಲ್ಲಿ ಇರುತ್ತದೆ: ಅಗುಳಿಯ ಸುತ್ತ, ಹೊಸ್ತಿಲಿನ ನಡುಭಾಗದಲ್ಲಿ, ಕಂಬದ ಸೊಂಟದೆತ್ತರದಲ್ಲಿ. ಸುಳ್ಳು ಸವೆತ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಕೆಟ್ಟ ಕಥೆಗಾರ ದುಃಖವನ್ನು ಪುಟಪುಟಕ್ಕೂ ಸವರಿದ ಹಾಗೆ.

ಒಳ್ಳೆಯ ಕೆಲಸ ಹೇಗಿರುತ್ತದೆ? ಹಳೇ ಮರದ ಗುಣವನ್ನು ಅರಿತವನಿಗೆ ಅದು ಗೊತ್ತು. ಕಾಡಿನಲ್ಲಿ ನಿಧಾನವಾಗಿ ಬೆಳೆದ ಹಳೇ ತೇಗದಲ್ಲಿ ಚೇಗು ಹೆಚ್ಚು, ಎಳೆ ಒತ್ತು. ಬೇಗ ಕಡಿದ ನೆಡುತೋಪಿನ ಮರದಲ್ಲಿ ಹುಳ ಹಿಡಿಯುವ ಬಿಳಿ ಹೊರಪದರ ಹೆಚ್ಚು. ಹತ್ತಾರು ಬೇಸಿಗೆ, ಮಳೆಗಾಲ ಕಂಡ ತೊಲೆ ಬಾಗುವಷ್ಟು ಬಾಗಿ, ಸೀಳುವಷ್ಟು ಸೀಳಿ ಮುಗಿದಿರುತ್ತದೆ. ಹೊಸ ಮೇಜಿನಲ್ಲಿ ಅದು ಮತ್ತೆ ಆಟ ಆಡುವುದು ಕಡಿಮೆ. ಆದರೆ ಅದರೊಳಗೆ ಮುರಿದ ಮೊಳೆ ಅಡಗಿರುತ್ತದೆ. ಅಯಸ್ಕಾಂತ ಆಡಿಸಿ ಹುಡುಕಿ ತೆಗೆಯದೆ ಯಂತ್ರಕ್ಕೆ ಕೊಟ್ಟರೆ ಗರಗಸದ ಹಲ್ಲು ಹೋಗುತ್ತದೆ, ಕೆಲವೊಮ್ಮೆ ಕೈಯೂ ಹೋಗುತ್ತದೆ. ಹಳೇ ತೂತು, ಹಳೇ ಗಾಡಿಗಳನ್ನು ಲೆಕ್ಕ ಹಾಕಿ ಎಲ್ಲಿ ಭಾರ ಹಾಕಬಹುದು, ಎಲ್ಲಿ ಹಾಕಬಾರದು ಎಂದು ತೀರ್ಮಾನಿಸಬೇಕು. ಹುಣಸೂರಿನ ವಯಸ್ಸಾದ ಬಡಗಿಯೊಬ್ಬರು ನನಗೆ ಇದನ್ನು ಎರಡೇ ಮಾತಿನಲ್ಲಿ ಹೇಳಿದರು: "ಸಾಬ್ರೆ, ಹೊಸ ಮರ ನಾವು ಹೇಳ್ದಂಗೆ ಕೇಳ್ತದೆ. ಹಳೇ ಮರ ಹೇಳ್ದಂಗೆ ನಾವು ಕೇಳ್ಬೇಕು."

ಅವರು ಮಾಡಿದ ಒಂದು ಬೆಂಚನ್ನು ನೋಡಿದ್ದೇನೆ. ಎರಡು ತೊಲೆಗಳನ್ನು ಕುಯ್ದು ಮಾಡಿದ್ದು. ಮೊಳೆ ಇಲ್ಲ. ಒಂದು ಮರದ ನಾಲಿಗೆಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ ಬಿದಿರಿನ ಗೂಟ ಹೊಡೆದಿದ್ದಾರೆ. ಹಿಂದೆ ಜಂತೆ ಕೂತಿದ್ದ ಹಳೇ ತೂತುಗಳನ್ನು ಮುಚ್ಚಿಲ್ಲ, ತೋರಿಸಿಕೊಂಡೂ ಇಲ್ಲ. ಅವು ಬೆಂಚಿನ ಕೆಳಮೈಯಲ್ಲಿ ಇವೆ, ಕೈಯಾಡಿಸಿದರೆ ಸಿಗುತ್ತವೆ. ಕೂರುವ ಮೈ ನುಣುಪಾಗಿದೆ. ಮೊದಲು ಅದು ಬೆಂಚು, ಆಮೇಲೆ ನೆನಪು. ಹಳೇ ಮರದ ಸಾಮಾನಿಗೆ ನನ್ನ ಮೊದಲ ಅಳತೆಗೋಲು ಇದು. ಕೂರಲು ಆಗದ ಕುರ್ಚಿಯ ಇತಿಹಾಸ ಎಷ್ಟು ದೊಡ್ಡದಾದರೂ ಅದು ಕುರ್ಚಿಯಲ್ಲ.

ಎರಡನೆಯ ಅಳತೆಗೋಲು ಆ ಸಾಮಾನನ್ನು ಮಾಡಿದವರ ಮೈ. ನಗರದವರಿಗೆ ಪ್ರಿಯವಾದ ಒಂದು ನೋಟವಿದೆ: ನೀಲಿಯೋ ಹಸಿರೋ ಬಣ್ಣ ಅರ್ಧ ಉದುರಿ, ಕೆಳಗಿನ ಮರ ಇಣುಕುವ ಬಾಗಿಲು. ಆ ನೋಟ ತಾನಾಗಿ ಬರುವುದಿಲ್ಲ. ಕೆಲಸದ ಹುಡುಗ ಉಪ್ಪುಕಾಗದ ಹಿಡಿದು ಅಥವಾ ಯಂತ್ರ ಹಿಡಿದು ಬಣ್ಣವನ್ನು ಉಜ್ಜಬೇಕು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ಕಡ್ಡಾಯ ಮಿತಿ ಹಾಕುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಹಳೇ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಬಣ್ಣವನ್ನು ಉಜ್ಜಿದಾಗ ಆ ಧೂಳು ಉಸಿರಿನಲ್ಲಿ ಹೋಗುತ್ತದೆ. ಬಟ್ಟೆಯಲ್ಲಿ ಮನೆಗೂ ಹೋಗುತ್ತದೆ, ಅಲ್ಲಿ ಎಳೆಯ ಮಕ್ಕಳಿರುತ್ತಾರೆ. ಸೀಸದ ಕೆಡುಕು ಮಕ್ಕಳ ಮಿದುಳಿಗೆ ಹೆಚ್ಚು. ಮರದ ಧೂಳು ಕೂಡ ಮೂಗಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವೈದ್ಯಲೋಕ ಒಪ್ಪಿದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಇದಾವುದೂ ನಿಲ್ಲುವುದಿಲ್ಲ. ಒದ್ದೆ ಮಾಡಿ ಉಜ್ಜುವುದು, ಸರಿಯಾದ ಮುಖವಾಡ ಕೊಡುವುದು, ಧೂಳು ಎಳೆಯುವ ಯಂತ್ರ ಇಡುವುದು ದೊಡ್ಡ ಖರ್ಚಲ್ಲ. ಲಕ್ಷದ ಮೇಜು ಮಾರುವವರಿಗಂತೂ ಅಲ್ಲ.

ಕೈಗಳ ಮಾತು ಬಂದಾಗ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವನ್ನು ಮರೆಯುವಂತಿಲ್ಲ. ಹಲವು ತಲೆಮಾರುಗಳಿಂದ ಮೈಸೂರಿನ ಮೊಹಲ್ಲಾಗಳ ಎಷ್ಟೋ ಮುಸ್ಲಿಂ ಕುಟುಂಬಗಳ ಅನ್ನ ಅದು. ಅಂದಚೆಂದದ ಮಾತು ಪಕ್ಕಕ್ಕಿಟ್ಟು ನೋಡಿದರೆ ಇನ್‌ಲೇ ಎಂದರೆ ಚೂರುಗಳ ಕಲೆ. ಕಪ್ಪು ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಹಳದಿಗೆ ಹಲಸು, ಕೆಂಪಿಗೆ ಒಂದು ಮರ, ಬಿಳುಪಿಗೆ ಇನ್ನೊಂದು ಎಂದು ಬೇರೆ ಬೇರೆ ಬಣ್ಣದ ಮರದ ತುಣುಕುಗಳನ್ನು ಕುಯ್ದು ಕೂರಿಸುತ್ತಾರೆ. ಬೇರೆಯವರು ಗುಡಿಸಿ ಒಲೆಗೆ ಹಾಕುವ ತುಂಡು ಇಲ್ಲಿ ಆನೆಯ ಕಿವಿಯಾಗುತ್ತದೆ, ನವಿಲಿನ ಗರಿಯಾಗುತ್ತದೆ. ಮೊದಲು ದಂತವನ್ನೂ ಕೂರಿಸುತ್ತಿದ್ದರು. 1986 ಮತ್ತು 1991ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿಯಾಗಿ ದಂತದ ವ್ಯಾಪಾರ ನಿಂತಾಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂತು. 2017ರ ಜನವರಿಯಿಂದ ಬೀಟೆಯೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿತು. ಪ್ರತಿ ಸಲವೂ ಕುಶಲಕರ್ಮಿ ಇದ್ದುದರಲ್ಲೇ ದಾರಿ ಹುಡುಕಿದ. ಮೈಸೂರು ಇನ್‌ಲೇಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಊರಿನ ಹೆಸರನ್ನು ಉಳಿಸುತ್ತದೆ. ಚಿತ್ರದ ಮೂಲೆಯಲ್ಲಿ ಸಹಿ ಮಾಡುವ ಹಕ್ಕು ಮಾತ್ರ ಗೋಡೆಗೆ ಚಿತ್ರ ಬರೆದವನಿಗೆ ಸಿಕ್ಕಷ್ಟು ಇನ್‌ಲೇ ಕೂರಿಸಿದವನಿಗೆ ಸಿಕ್ಕಿಲ್ಲ.

ಮೂರನೆಯ ಅಳತೆಗೋಲು ಮರ ಬಂದ ಜಾಗದ್ದು. 'ಸತ್ತ ಮರ, ಬಿದ್ದ ಮರ ಬಳಸಿದ್ದೇವೆ, ಕಾಡಿಗೆ ನಷ್ಟವಿಲ್ಲ' ಎಂಬ ಮಾತನ್ನು ಈಗ ಹೆಮ್ಮೆಯಿಂದ ಹೇಳುತ್ತಾರೆ. ಕಬಿನಿ ಹಿನ್ನೀರಿನಲ್ಲಿ ಅರ್ಧ ಶತಮಾನದಿಂದ ನಿಂತಿರುವ ಬೋಳು ಮರಗಳ ಚಿತ್ರವನ್ನು ಓದುಗರು ನೋಡಿರಬಹುದು. ಅವುಗಳನ್ನು ಕುಯ್ದರೆ ಎಷ್ಟು ಮೇಜು ಆಗಬಹುದೆಂದು ವ್ಯಾಪಾರಿಯ ಮನಸ್ಸು ಲೆಕ್ಕ ಹಾಕುವುದು ಸಹಜ. ಘಾನಾ ದೇಶದಲ್ಲಿ 1965ರಲ್ಲಿ ಕಟ್ಟಿ ಮುಗಿಸಿದ ಅಕೊಸೊಂಬೊ ಅಣೆಕಟ್ಟಿನಿಂದಾದ ವೋಲ್ಟಾ ಸರೋವರದಲ್ಲಿ ಮುಳುಗಿದ ಕಾಡಿನ ಮರವನ್ನು ನೀರಿನೊಳಗಿಂದಲೇ ಕುಯ್ದು ಮಾರುವ ಕೆಲಸ ನಡೆದಿದೆ. ಅಲ್ಲಿ ಮರದ ಬೊಡ್ಡೆಗಳಿಗೆ ಬಡಿದು ದೋಣಿ ಮಗುಚಿ ಜನ ಸಾಯುತ್ತಿದ್ದರು ಎಂಬ ಕಾರಣವೂ ಇತ್ತು. ಕಬಿನಿಯ ಸಂಗತಿ ಬೇರೆ. ಅಲ್ಲಿನ ಬೋಳು ಮರದ ತುದಿ ಮೀನುಡೇಗೆಗೆ ಕೂರುವ ಜಾಗ, ನೀರುಕಾಗೆಗೆ ರೆಕ್ಕೆ ಒಣಗಿಸುವ ಜಾಗ. ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ 2000ದ ಫೆಬ್ರವರಿ 14ರಂದು, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರವನ್ನಾಗಲಿ, ನೀರಿನಲ್ಲಿ ತೇಲಿಬಂದ ಮರವನ್ನಾಗಲಿ ತೆಗೆಯಬಾರದೆಂದು ಆದೇಶಿಸಿತು. ಮನುಷ್ಯನ ಕಣ್ಣಿಗೆ ವ್ಯರ್ಥವಾದ ಮರ ಕಾಡಿನ ಲೆಕ್ಕದಲ್ಲಿ ವ್ಯರ್ಥವಲ್ಲ. ಸಿಕ್ಕಿದ್ದೆಲ್ಲ ನಮ್ಮ ಕುರ್ಚಿಯಾಗಬೇಕಿಲ್ಲ ಎಂಬ ತಿಳಿವಳಿಕೆಯೂ ಈ ಕಸುಬಿನ ಭಾಗವಾಗಬೇಕು.

ಈ ಕಾನೂನಿನ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಕಾಡಿನ ಜನರಿಗೆ ಕೊಡುತ್ತದೆ. ಮೋಪು ಅದರಲ್ಲಿ ಸೇರಿಲ್ಲ. ಆದರೆ ಬಿದಿರು, ಪುರಳೆ, ಬೆತ್ತ, ಜೇನಿನ ಜೊತೆಗೆ ಮರದ ಬೊಡ್ಡೆಯನ್ನೂ ಆ ಕಾಯ್ದೆ ಹೆಸರಿಸಿದೆ. ಕಾಗದದ ಮೇಲೆ ಬೊಡ್ಡೆ ಆದಿವಾಸಿಯ ಹಕ್ಕಿನ ವಸ್ತು. ನೆಲದ ಮೇಲೆ ಹಾಡಿಯ ಹೆಂಗಸು ಒಂದು ಹೊರೆ ಸೌದೆ ತಂದರೆ ಗಾರ್ಡಿಗೆ ಉತ್ತರ ಹೇಳಬೇಕು. ರೆಸಾರ್ಟಿನ ಜಗುಲಿಯಲ್ಲಿ ಪಾಲಿಷ್ ಹೊಡೆದ ಬೊಡ್ಡೆ ಕಾಡಿನ ಪ್ರೀತಿಯ ಗುರುತಾಗಿ ಕೂತಿರುತ್ತದೆ. ನಾಗರಹೊಳೆಯ ಒಳಗೇ ತಾಜ್ ಸಮೂಹದ ಹೋಟೆಲ್ ಕಂಪನಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಾಗ ಅದನ್ನು ವಿರೋಧಿಸಿ ಹೋರಾಡಿದವರು ಆದಿವಾಸಿಗಳು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮರದ ಕಥೆ ಹೇಳುವವರು ಈ ಕಥೆಯನ್ನೂ ಹೇಳಬೇಕಲ್ಲವೇ?

ಇಷ್ಟು ಹೇಳಿದ ಮೇಲೆ ವ್ಯಾಪಾರಿಯ ಮಾತನ್ನೂ ಕೇಳುವುದು ನ್ಯಾಯ. ಹಳೇ ಮರದ ಅಂಗಡಿಯವರೊಬ್ಬರು ನನಗೆ ಹೇಳಿದರು: "ಭಾಯ್, ನಾವು ತಗೊಳ್ಳದಿದ್ರೆ ಈ ಕಂಬ ಬ್ಯಾರನ್ ಒಲೆಗೆ ಹೋಗ್ತಿತ್ತು." ಇದು ಸುಳ್ಳಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು ವರ್ಷ ವರ್ಷವೂ ರಾಶಿ ರಾಶಿ ಸೌದೆ ಉರಿಸುತ್ತವೆ. ಒಲೆಗೆ ತೇಗ, ಜಾಲಿ ಎಂಬ ಭೇದವಿಲ್ಲ. ಸುಟ್ಟು ಬೂದಿಯಾಗುವ ಕಂಬ ಮೇಜಾಗುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಒಂದು ಹಳೇ ತೊಲೆ ಮತ್ತೆ ಬಳಕೆಗೆ ಬಂದರೆ ಅಷ್ಟರ ಮಟ್ಟಿಗೆ ಹೊಸ ಮರ ಕಡಿಯುವುದು ತಪ್ಪಬಹುದು. ಆದ್ದರಿಂದ ಈ ಕಸುಬು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಬೆಳೆಯಬೇಕು. ಮರವನ್ನು ಬೆಂಕಿಯಿಂದ ಉಳಿಸಿದವರು ಅದರ ಜೊತೆಗಿದ್ದ ಮನುಷ್ಯರ ಹೆಸರನ್ನೂ ಉಳಿಸಲಿ ಎಂಬುದಷ್ಟೇ ನನ್ನ ತಗಾದೆ.

ಹಾಗೆ ಮಾಡಿದವರು ನಮ್ಮ ರಾಜ್ಯದಲ್ಲೇ ಇದ್ದರು. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರಿಯಲ್ಲಿದ್ದುಕೊಂಡೇ, ಕೆಡವುತ್ತಿದ್ದ ಹಳೇ ಮನೆಗಳ ಹಿಂದೆ ಓಡಾಡಿ ಬಾಗಿಲು, ಕಂಬ, ಪೂರಾ ಮನೆಗಳನ್ನೇ ಬಿಚ್ಚಿಸಿ ತಂದು ಮತ್ತೆ ಕಟ್ಟಿಸಿದರು. 2017ರಲ್ಲಿ ಅವರು ತೀರಿಕೊಂಡರು. ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮನೆಗಳಿಗೆ ಅವು ಬಂದ ಊರಿನ ಹೆಸರೇ ಇದೆ: ಮಿಯಾರು ಮನೆ, ಕುಂಜೂರು ಚೌಕಿ ಮನೆ, ಮುಧೋಳದ ದರ್ಬಾರ್ ಹಾಲು. ಅಲ್ಲಿಯೂ ಹೆಚ್ಚಿನವು ಉಳ್ಳವರ ಮನೆಗಳೇ, ಅಲ್ಲಿಯೂ ಬಡಗಿಯ ಹೆಸರು ಸುಲಭವಾಗಿ ಕಾಣುವುದಿಲ್ಲ. ಆದರೂ ಮರ ತನ್ನ ಊರನ್ನು ಕಳೆದುಕೊಂಡಿಲ್ಲ. ಷೋರೂಮಿಗೂ ಅದಕ್ಕೂ ಇರುವ ವ್ಯತ್ಯಾಸ ಇದು.

ಇನ್ನೊಂದು ದಾರಿ ಕಾಡಿನಿಂದಲೇ ಬಂದಿದೆ. ಬಂಡೀಪುರ, ನಾಗರಹೊಳೆಗಳನ್ನು ಮುತ್ತಿರುವ ಲಂಟಾನ ಹೊರದೇಶದಿಂದ ಬಂದ ಕಳೆ. ಅದು ಹಬ್ಬಿದಲ್ಲಿ ಹುಲ್ಲಿಲ್ಲ, ಹುಲ್ಲಿಲ್ಲದಲ್ಲಿ ಜಿಂಕೆಯಿಲ್ಲ. ಅದರ ಕೋಲುಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ, ಮೇಜು ಮಾಡುವುದನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ನೆರವಿನಿಂದ ಕಲಿತು ನಡೆಸಿದರು. ಗಡಿಯಾಚೆ ಗೂಡಲೂರಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಪಣಿಯರು ಅದೇ ಲಂಟಾನದಿಂದ ನಿಜಗಾತ್ರದ ಆನೆಗಳನ್ನು ಕಟ್ಟಿದರು. ಆ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಇಲ್ಲಿ ಕಾಡಿನಿಂದ ತೆಗೆದದ್ದರಿಂದ ಕಾಡಿಗೆ ಲಾಭ. ಮಾಡಿದವರೂ ಕಾಡಿನವರೇ. ಕಾಕನಕೋಟೆಯಲ್ಲಿ ಆನೆಯನ್ನು ಹಿಡಿಯಲು, ಪಳಗಿಸಲು ಮೈ ಒಡ್ಡಿದವರು ಜೇನುಕುರುಬರು. ಅಂದಿನ ಫೋಟೋಗಳಲ್ಲಿ ದೊರೆಯ ಹೆಸರಿದೆ, ಅವರದ್ದಿಲ್ಲ. ಅದೇ ಜನಾಂಗದವರು ಇಂದು ತಮ್ಮ ಕೈಯಿಂದ ಆನೆ ಮಾಡಿದಾಗಲಾದರೂ ಅವರ ಹೆಸರು ಬರಬೇಡವೇ?

ಹಳೇ ಮರದ ಸಾಮಾನು ಕೊಳ್ಳುವ ಶಕ್ತಿ ಇರುವವರು ಅಂಗಡಿಯಲ್ಲಿ ಕೇಳಬೇಕಾದ್ದು ಬಹಳವಿಲ್ಲ. ಈ ಮರ ಯಾವ ಊರಿನದು? ಮೊದಲು ಏನಾಗಿತ್ತು? ಬಿಚ್ಚಿ ತಂದವರು ಯಾರು, ಮತ್ತೆ ಕಟ್ಟಿದ ಬಡಗಿ ಯಾರು? ಬಣ್ಣ ಉಜ್ಜಿದ ಹುಡುಗನಿಗೆ ಮುಖವಾಡ ಕೊಟ್ಟಿದ್ದರೇ? ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ, ಅವನು ಹೇಳುವ ನೂರು ವರ್ಷದ ಕಥೆಯೂ ಅವನಿಗೆ ಗೊತ್ತಿಲ್ಲ ಎಂದೇ ಅರ್ಥ. ಆಗ ಮರದ ಬೆಲೆ ಕೊಡಿ, ಕಥೆಯ ಬೆಲೆ ಕೊಡಬೇಡಿ. ಗೊತ್ತಿದ್ದರೆ ಅದನ್ನು ರಸೀತಿಯ ಹಿಂಬದಿಯಲ್ಲಿ ಬರೆಸಿಕೊಳ್ಳಿ. ಒಂದು ಊರು, ಒಂದು ಮನೆ, ಎರಡು ಮೂರು ಹೆಸರು ಬರೆಯಲು ಅಷ್ಟು ಜಾಗ ಸಾಕು.